ಅಂಗಿಯ ಮೇಲೆ ಬರೆಸಿಕೊಂಡರೆ ಐಸ್‌ನವರು ನಿಲ್ಲುತ್ತಾರಾ?

ನಿಲ್ಲುವುದಿಲ್ಲ. ಆದರೂ ಅಮೆರಿಕದಲ್ಲಿರುವ ಕನ್ನಡಿಗರು ಕೇಳುತ್ತಲೇ ಇರುತ್ತಾರೆ: ವಲಸೆ ಕಾನೂನು ಜಾರಿ ಮಾಡುವ ‘ಐಸ್’ ಸಂಸ್ಥೆಯ ದಾಳಿಗಳನ್ನು ವಿರೋಧಿಸಿ ಟಿ-ಶರ್ಟ್ ಮೇಲೆ ಒಂದು ಸಾಲು ಹಾಕಿಸಿಕೊಂಡರೆ ಏನು ಬಂತು? ಅಂಗಿಗಿರುವ ಕೆಲಸ ಒಂದೇ, ಓದಿಸಿಕೊಳ್ಳುವುದು. ಎದುರಿಗೆ ಬಂದವರು ಓದಬೇಕು, ಕ್ಯಾಮೆರಾವಂತೂ ಓದಲೇಬೇಕು. ಬಹಳಷ್ಟು ಅಂಗಿಗಳು ಸೋಲುವುದು ಇಲ್ಲೇ.

1984ರಲ್ಲಿ ಬ್ರಿಟನ್ನಿನ ವಸ್ತ್ರವಿನ್ಯಾಸಕಿ ಕ್ಯಾಥರಿನ್ ಹ್ಯಾಮ್ನೆಟ್ ಪ್ರಧಾನಿ ಥ್ಯಾಚರ್ ಅವರ ಕೈಕುಲುಕುವಾಗ ಧರಿಸಿದ್ದ ಅಂಗಿಯಲ್ಲಿ, 58% ಜನರಿಗೆ ಪರ್ಷಿಂಗ್ (ಅಮೆರಿಕದ ಅಣು ಕ್ಷಿಪಣಿ) ಬೇಡ ಎಂಬ ಮಾತು ಎದೆ ತುಂಬ ಇತ್ತು. ಆ ಫೋಟೊವನ್ನು ಎಷ್ಟು ಚಿಕ್ಕದಾಗಿ ಅಚ್ಚು ಹಾಕಿದರೂ ಓದಬಹುದು. ಲೆಕ್ಕ ಸರಳ: ಒಂದು ಇಂಚು ಎತ್ತರದ ಅಕ್ಷರವನ್ನು ಸುಮಾರು 10 ಅಡಿ ದೂರದಿಂದ ಸಲೀಸಾಗಿ ಓದಬಹುದು. ವಯಸ್ಕರ ಅಂಗಿಯಲ್ಲಿ ಅಚ್ಚಿನ ಅಗಲ ಸಾಮಾನ್ಯವಾಗಿ 12 ಇಂಚು. ‘ಅಬಾಲಿಷ್ ಐಸ್’ (ಐಸ್ ರದ್ದು ಮಾಡಿ) ಎಂಬುದನ್ನು ಎರಡು ಸಾಲಿನಲ್ಲಿ, ದಪ್ಪನೆಯ ಇಕ್ಕಟ್ಟು ಅಕ್ಷರದಲ್ಲಿ ಹಾಕಿದರೆ ಅಕ್ಷರ 3 ಇಂಚು ಎತ್ತರ ಬರುತ್ತದೆ. ಬಂಧಿಸಲು ಬಂದಾಗ ಏನು ಹೇಳಬೇಕು ಎಂಬ ಹಕ್ಕುಗಳ ಪಟ್ಟಿಯನ್ನೆಲ್ಲ ಬೆನ್ನಿಗೆ ತುಂಬುವವರಿದ್ದಾರೆ. ಅದನ್ನು ಯಾರೂ ಓದುವುದಿಲ್ಲ. ಆ ಹಕ್ಕುಗಳನ್ನು ಬರೆದ, ಜೇಬಿನಲ್ಲಿಟ್ಟುಕೊಳ್ಳುವ ಕೆಂಪು ಕಾರ್ಡುಗಳಿರುವುದೇ ಅದಕ್ಕೆ.

ಕನ್ನಡದಲ್ಲೇ ಹಾಕಿಸಬೇಕು ಎನ್ನುವವರು ಒತ್ತಕ್ಷರಕ್ಕೆ ಜಾಗ ಬಿಡಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅಚ್ಚಿನವರಿಗೆ ಟೈಪ್ ಮಾಡಿದ ಫೈಲ್ ಕೊಡಬೇಡಿ, ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಚಿತ್ರದ ಗೆರೆಗಳಾಗಿ ಬದಲಿಸಿಕೊಡಿ. ಅವರ ಕಂಪ್ಯೂಟರಿನಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಬಿದ್ದರೆ ಅವರಿಗೆ ಅದು ಗೊತ್ತೂ ಆಗುವುದಿಲ್ಲ.

ಎದೆಗಿಂತ ಬೆನ್ನು ಒಳ್ಳೆಯ ಜಾಗ. ಎದೆಯ ಮೇಲೆ ಬ್ಯಾಗಿನ ಪಟ್ಟಿ ಬರುತ್ತದೆ, ಕೈಯಲ್ಲಿ ಹಿಡಿದ ಫಲಕ ಬರುತ್ತದೆ. ಈ ವಿಷಯದಲ್ಲಿ ಅತಿ ಹೆಚ್ಚು ಚರ್ಚೆಯಾದ ಉಡುಪು ಪ್ರತಿಭಟನಕಾರರದ್ದಲ್ಲ ಎಂಬುದೇ ತಮಾಷೆ. 2018ರ ಜೂನ್ 21ರಂದು ಮೆಲಾನಿಯಾ ಟ್ರಂಪ್ ಟೆಕ್ಸಾಸ್‌ನ ಮೆಕ್ಯಾಲೆನ್‌ನಲ್ಲಿ ವಲಸೆ ಮಕ್ಕಳನ್ನಿಟ್ಟಿದ್ದ ಕೇಂದ್ರಕ್ಕೆ ಹೊರಟಾಗ ತೊಟ್ಟಿದ್ದ ಜಾಕೆಟ್ ಅದು. ‘ನನಗೇನೂ ಅನ್ನಿಸುವುದಿಲ್ಲ, ನಿಮಗೆ?’ ಎಂಬರ್ಥದ ಮಾತು ಇದ್ದದ್ದು ಬೆನ್ನಿನ ಮೇಲೆ, ವಿಮಾನ ಹತ್ತುವವರ ಫೋಟೊ ತೆಗೆಯುವುದೂ ಹಿಂದಿನಿಂದಲೇ. ಅಕ್ಷರವನ್ನೇ ನೆಚ್ಚದ ಉದಾಹರಣೆಯೂ ಇದೆ. 2025ರ ಜೂನ್‌ನಲ್ಲಿ ಅಮೆರಿಕದ ವಸ್ತ್ರವಿನ್ಯಾಸಕ ವಿಲ್ಲಿ ಚಾವಾರಿಯಾ ತಮ್ಮ ಪ್ಯಾರಿಸ್ ಪ್ರದರ್ಶನದಲ್ಲಿ 35 ಗಂಡಸರನ್ನು ಬಿಳಿ ಟಿ-ಶರ್ಟ್‌ನಲ್ಲಿ ಮಂಡಿಯೂರಿ ತಲೆ ತಗ್ಗಿಸಿ ಕೂರಿಸಿದರು. ಅಮೆರಿಕದಿಂದ ಎಲ್ ಸಾಲ್ವಡಾರ್‌ನ ಜೈಲಿಗೆ ಅಟ್ಟಿದವರ ಚಿತ್ರ ಎಲ್ಲರಿಗೂ ಕಣ್ಣಿಗೆ ಬಂತು.

ಮಿನ್ನೆಯಾಪೊಲಿಸ್‌ನ ಜನವರಿ ಚಳಿಯಲ್ಲಿ ಟಿ-ಶರ್ಟ್ ಕೋಟಿನೊಳಗೆ ಮುಚ್ಚಿಹೋಗುತ್ತದೆ. ಅಲ್ಲಿ ಕೋಟಿನ ಮೇಲೆ ತೊಡುವ, ರಸ್ತೆ ಕೆಲಸದವರ ತೋಳಿಲ್ಲದ ಜಾಕೆಟ್ ಮೇಲೆ ಅಚ್ಚು ಹಾಕಿಸುವುದು ಲೇಸು. ಆದರೆ ಅದು ಪಾಲಿಯೆಸ್ಟರ್. ಅಂಗಿಯಚ್ಚಿಗೆ ಬಳಸುವ ಸಾಮಾನ್ಯ ಪ್ಲಾಸ್ಟಿಸಾಲ್ ಇಂಕನ್ನು 160 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು. ಆ ಬಿಸಿಗೆ ಬಟ್ಟೆಯ ಬಣ್ಣ ಮೇಲೆದ್ದು ಬಿಳಿ ಅಕ್ಷರಕ್ಕೆ ಹತ್ತುತ್ತದೆ, ಕೆಂಪು ಬಟ್ಟೆಯಾದರೆ ಮರುದಿನಕ್ಕೆ ಅಕ್ಷರ ಗುಲಾಬಿ. ಕಡಿಮೆ ಬಿಸಿಯಲ್ಲಿ ಗಟ್ಟಿಯಾಗುವ, ಬಣ್ಣ ತಡೆಯುವ ಇಂಕು ಕೇಳಿ. ಹತ್ತಿಯ ಕಪ್ಪು ಅಂಗಿಗೆ ಬಿಳಿ ಇಂಕಾದರೆ 110 ಮೆಶ್‌ನ (ಇಂಚಿಗೆ 110 ಎಳೆಗಳ ಜಾಲರಿಯ) ಸ್ಕ್ರೀನ್ ಸಾಕು: ಒಮ್ಮೆ ಇಂಕು ಎಳೆದು, ಅರೆಬರೆ ಒಣಗಿಸಿ, ಅದೇ ಜಾಗಕ್ಕೆ ಇನ್ನೊಮ್ಮೆ ಎಳೆಯಬೇಕು. ಮನೆಯ ಇಸ್ತ್ರಿಪೆಟ್ಟಿಗೆಯಲ್ಲಿ ಕಾಯಿಸಿದರೆ ಮೇಲ್ಪದರ ಮಾತ್ರ ಗಟ್ಟಿಯಾಗಿ, ಎರಡನೇ ಒಗೆತಕ್ಕೆ ಘೋಷಣೆ ಬಿರುಕು ಬಿಡುತ್ತದೆ. ಬಟ್ಟೆ ಆರಿದ ಮೇಲೆ ಅಕ್ಷರವನ್ನು ಎಳೆದು ನೋಡಿ. ಸೀಳಿದರೆ ಇಂಕು ಬೆಂದಿಲ್ಲ.

ಖಾಲಿ ಅಂಗಿ ಕೊಳ್ಳುವಾಗ ಕೊರಳಿನ ಚೀಟಿ ಓದಿ. ಅಮೆರಿಕದ ಅಚ್ಚಿನಂಗಡಿಗಳಲ್ಲಿ ಸಿಗುವ ಅಗ್ಗದ ಅಂಗಿಗಳು ಎಷ್ಟೋ ಬಾರಿ ಹೊಂಡುರಾಸ್‌ನಲ್ಲಿ ಹೊಲಿದಿರುತ್ತವೆ. ಐಸ್ ಗಡೀಪಾರು ಮಾಡುವ ವಿಮಾನಗಳು ಇಳಿಯುವ ದೇಶಗಳಲ್ಲಿ ಅದೂ ಒಂದು. ಲಾಸ್ ಏಂಜಲೀಸ್‌ನಲ್ಲೇ ಹೊಲಿಯುತ್ತಿದ್ದ ಅಮೆರಿಕನ್ ಅಪ್ಯಾರಲ್ ಕಂಪನಿ ವಲಸಿಗರ ಪರವಾಗಿ ‘ಲೀಗಲೈಸ್ ಎಲ್ಎ’ (ಲಾಸ್ ಏಂಜಲೀಸನ್ನು ಕಾನೂನುಬದ್ಧಗೊಳಿಸಿ) ಅಂಗಿಗಳನ್ನು ಮಾರುತ್ತಿತ್ತು. 2009ರಲ್ಲಿ ಐಸ್ ದಾಖಲೆ ತಪಾಸಣೆ ಮಾಡಿದ ಮೇಲೆ ಅದೇ ಕಂಪನಿ 1,500ರಷ್ಟು ಕೆಲಸಗಾರರನ್ನು ಕೈಬಿಡಬೇಕಾಯಿತು.

ಒಂದು ವಿನ್ಯಾಸವನ್ನಂತೂ ಮಾಡಿಸಲೇಬೇಡಿ: ಅಣಕಕ್ಕೆಂದು ಅಧಿಕಾರಿಗಳ ಜಾಕೆಟ್ಟನ್ನೇ ಹೋಲುವ ಅಂಗಿ. ದೂರದಿಂದ ನೋಡಿದ ವಲಸಿಗ ಕುಟುಂಬ ಹೆದರಿ ಓಡುತ್ತದೆ, ಮೇಲಾಗಿ ಫೆಡರಲ್ ಅಧಿಕಾರಿಯಂತೆ ನಟಿಸಿದ ಆರೋಪವೂ ಬರಬಹುದು.

ಹಾಕಿಕೊಂಡದ್ದಕ್ಕೆ ಜೈಲಾಗುತ್ತದಾ? ಕಡ್ಡಾಯ ಸೈನ್ಯ ಸೇವೆಯನ್ನು ಬೈದ ಮಾತಿದ್ದ ಜಾಕೆಟ್ ತೊಟ್ಟು 1968ರಲ್ಲಿ ಲಾಸ್ ಏಂಜಲೀಸ್ ನ್ಯಾಯಾಲಯದ ಮೊಗಸಾಲೆಯಲ್ಲಿ ನಡೆದ ಕೋಹೆನ್ ಎಂಬುವರಿಗೆ 30 ದಿನದ ಶಿಕ್ಷೆಯಾಗಿತ್ತು. 1971ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆ ರಕ್ಷಣೆ ಸರ್ಕಾರದ ವಿರುದ್ಧ ಮಾತ್ರ, ಕಚೇರಿ ಮಾಲೀಕರ ಅಥವಾ ಮಾಲ್‌ನವರ ವಿರುದ್ಧ ಅಲ್ಲ. 2003ರಲ್ಲಿ ನ್ಯೂಯಾರ್ಕಿನ ಆಲ್ಬನಿ ಬಳಿಯ ಮಾಲ್ ಒಂದರಲ್ಲಿ ಶಾಂತಿಯ ಮಾತಿದ್ದ ಟಿ-ಶರ್ಟ್ ತೆಗೆಯಲೊಪ್ಪದ ವಕೀಲರೊಬ್ಬರನ್ನು ಅತಿಕ್ರಮಣದ ಹೆಸರಿನಲ್ಲಿ ಬಂಧಿಸಿದ್ದರು. ಅವರು ಆ ಅಂಗಿ ಮಾಡಿಸಿದ್ದು ಅದೇ ಮಾಲ್‌ನಲ್ಲಿ!

ವೀಸಾದವರ ಮಾತು ಬೇರೆ. ಕಾನೂನುಬದ್ಧವಾಗಿ ಅಮೆರಿಕದಲ್ಲಿರುವ ವಿದೇಶಿಯರಿಗೂ ನಾಗರಿಕರಷ್ಟೇ ವಾಕ್‌ಸ್ವಾತಂತ್ರ್ಯ ಇದೆ ಎಂದು 2025ರ ಸೆಪ್ಟೆಂಬರ್‌ನಲ್ಲಿ ಬಾಸ್ಟನ್ನಿನ ಫೆಡರಲ್ ನ್ಯಾಯಾಧೀಶರು ತೀರ್ಪು ಕೊಟ್ಟರು. ಆದರೆ ಅದೇ ಡಿಸೆಂಬರ್ 15ರಿಂದ ಎಚ್-1ಬಿ (ಉದ್ಯೋಗ ವೀಸಾ), ಎಚ್-4 (ಅವರ ಕುಟುಂಬದವರ ವೀಸಾ) ಅರ್ಜಿದಾರರೂ ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಸಾರ್ವಜನಿಕವಾಗಿ ತೆರೆದಿಡಬೇಕಾಗಿದೆ. ಪಾಸ್‌ಪೋರ್ಟಿಗೆ ವೀಸಾ ಸ್ಟಾಂಪಿಂಗ್‌ಗೆಂದು ಊರಿಗೆ ಹೊರಟಿದ್ದರೆ, ಅಂಗಿಯ ಫೋಟೊ ಹಾಕುವ ಮುನ್ನ ವಲಸೆ ವಕೀಲರೊಬ್ಬರನ್ನು ಕೇಳಿ. ‘ಫೋಟೊದಲ್ಲಿ ನನ್ನನ್ನು ಟ್ಯಾಗ್ ಮಾಡಬೇಡಿ’ ಎಂದು ಜೊತೆಗೆ ನಡೆಯುವವರಿಗೂ ಮೊದಲೇ ಹೇಳಿಡಿ.