ಬೆವರೇ ಕಾಣದ ಊರಿನಲ್ಲಿ

ನಮ್ಮದು ರಾಯಚೂರು ಕಡೆ. ಬಿಸಿಲಿನ ವಿಷಯದಲ್ಲಿ ನಮಗೆ ಸ್ವಲ್ಪ ಜಂಬ ಜಾಸ್ತಿ. ಬೆಂಗಳೂರಿನವರು 36 ಡಿಗ್ರಿಗೇ ಅಯ್ಯೋ ಅಂದರೆ ನಗುತ್ತೇವೆ. ಆ ಜಂಬವನ್ನು ಬಟ್ಟೆಬರೆ ಜೊತೆಗೇ ಕಟ್ಟಿಕೊಂಡು ಮೂರು ವರ್ಷದ ಹಿಂದೆ, ಮೇ ತಿಂಗಳಲ್ಲಿ, ರಾಜಸ್ಥಾನದ ಭಡ್ಲಾದಲ್ಲಿ ಬಂದಿಳಿದೆ.

ಜೋಧಪುರದಿಂದ ಫಲೋದಿ ದಾಟಿ, ಬಾಪ್ ದಾಟಿ ಮುಂದೆ ಹೋದರೆ ಭಡ್ಲಾ. ಸುಮಾರು 14 ಸಾವಿರ ಎಕರೆ ಮರಳಿನ ಮೇಲೆ 2,245 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್. ಅದಕ್ಕೂ ಮೊದಲು ನಾನು ಪಾವಗಡದಲ್ಲಿದ್ದೆ. ಅದೂ ಏನು ಕಮ್ಮಿ ಇಲ್ಲ, 2,050 ಮೆಗಾವ್ಯಾಟ್. ಆದರೆ ಪಾವಗಡದಲ್ಲಿ ಕಣ್ಣೆತ್ತಿದರೆ ಗುಡ್ಡ ಕಾಣುತ್ತದೆ, ಮಧ್ಯಾಹ್ನ ಬುತ್ತಿ ಬಿಚ್ಚೋಕೆ ಒಂದು ಹುಣಸೆ ಮರ ಸಿಗುತ್ತದೆ. ಇಲ್ಲಿ ನೆರಳು ಅಂದರೆ ಫಲಕದ ಅಡಿಯಲ್ಲಿರುವ ನೆರಳು. ಆ ಫಲಕವೇ 65 ಡಿಗ್ರಿ ಕಾದಿರುತ್ತದೆ, ಅದರ ಕೆಳಗೆ ಕೂತರೆ ಹೆಂಚಿನ ಕೆಳಗೆ ಕೂತ ಹಾಗೆ.

ಫಲೋದಿಯ ಹೆಸರು ಕೆಲವರು ಕೇಳಿರಬಹುದು. 2016ರ ಮೇ 19ರಂದು ಅಲ್ಲಿ 51 ಡಿಗ್ರಿ ದಾಖಲಾಗಿತ್ತು. ಒಂದು ಮಾತು ನೆನಪಿರಲಿ, ಹವಾಮಾನ ಇಲಾಖೆ ಹೇಳುವ ಡಿಗ್ರಿ ನೆರಳಿನದು. ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ಎದೆಮಟ್ಟದಲ್ಲಿಟ್ಟ ಥರ್ಮಾಮೀಟರಿನದು. ಬಯಲಿನಲ್ಲಿ ನಿಂತು ಕೆಲಸ ಮಾಡುವವನ ಲೆಕ್ಕವೇ ಬೇರೆ. ನಾನು ಬಂದ ವಾರ 46, 47 ನಡೆಯುತ್ತಿತ್ತು. ಊರಲ್ಲಿ 45 ನೋಡಿದ್ದೇನೆ, ಇನ್ನೊಂದೆರಡು ಡಿಗ್ರಿ ತಾನೇ ಅಂದುಕೊಂಡೆ.

ಮೂರು ದಿನ ಏನೂ ಆಗಲಿಲ್ಲ. ಸುಮ್ನೆ ತಲೆ ಭಾರ, ಊಟ ಸೇರುತ್ತಿರಲಿಲ್ಲ, ಅಷ್ಟೇ. ಖುಷಿಯೂ ಆಗಿತ್ತು, ಯಾಕೆಂದರೆ ಬೆವರೇ ಬರುತ್ತಿರಲಿಲ್ಲ! ಊರಲ್ಲಾದರೆ ಬನಿಯನ್ ಹಿಂಡಬೇಕು. ಇಲ್ಲಿ ಮೈ ಒಣಗಿಕೊಂಡೇ ಇರುತ್ತದೆ. ಎಂಥಾ ಒಳ್ಳೆಯ ಬಿಸಿಲು ಅಂತ ಹೆಂಡತಿಗೆ ಫೋನಲ್ಲಿ ಹೇಳಿದ್ದೂ ಉಂಟು. ಸಂಜೆ ಶರ್ಟು ಬಿಚ್ಚಿದಾಗ ಬೆನ್ನ ಮೇಲೆ ಬಿಳೀ ಗೆರೆಗಳು, ನಕ್ಷೆ ಬಿಡಿಸಿದ ಹಾಗೆ. ಅದು ಉಪ್ಪು. ಬೆವರು ಬರುತ್ತಲೇ ಇತ್ತು, ಹನಿ ಕಟ್ಟುವ ಮೊದಲೇ ಗಾಳಿ ಅದನ್ನು ಕುಡಿದುಬಿಡುತ್ತಿತ್ತು. ಇಂಥ ಬಿಸಿಲಲ್ಲಿ ಕೆಲಸ ಮಾಡುವವನ ಮೈಯಿಂದ ಗಂಟೆಗೆ ಒಂದು ಲೀಟರ್ ನೀರು ಹೋಗಬಹುದು. ನಾನು ದಿನಕ್ಕೆ ಮೂರು ಲೀಟರ್ ಕುಡಿದು ಬಹಳ ಆಯಿತು ಅಂದುಕೊಂಡಿದ್ದೆ.

ನಾಲ್ಕನೇ ದಿನ. ಸ್ಟ್ರಿಂಗ್ ಟೆಸ್ಟ್ ಮಾಡುತ್ತಿದ್ದೆವು, ಅಂದರೆ ಸಾಲಾಗಿ ಜೋಡಿಸಿದ ಫಲಕಗಳ ಒಂದೊಂದು ಗುಂಪಿಗೂ ಮೀಟರ್ ಹಾಕಿ ನಂಬರ್ ಬರೆದುಕೊಳ್ಳುವುದು. ಬಿಸಿಲು ಚೆನ್ನಾಗಿರುವಾಗಲೇ ಮಾಡಬೇಕಾದ ಕೆಲಸ. ಹನ್ನೆರಡೂವರೆ ಆಗಿತ್ತು. ಜೊತೆಗೆ ನೀರಿನ ಟ್ಯಾಂಕರ್ ಓಡಿಸುವ ಒಬ್ಬರು ಹಿರಿಯರಿದ್ದರು. ಎಲ್ಲರೂ ಅವರನ್ನು ಕಾಕೋಸಾ ಅನ್ನುತ್ತಾರೆ, ನಮ್ಮ ಕಡೆ ಕಾಕಾ ಅನ್ನುವ ಹಾಗೆ. ತುಂಬು ತೋಳಿನ ದಪ್ಪ ಕಾಟನ್ ಅಂಗಿ, ತಲೆಗೆ ಎಂಟೊಂಬತ್ತು ಮೀಟರಿನ ಸಾಫಾ, ಅದರ ತುದಿಯಿಂದ ಕಿವಿ ಮೂಗು ಎರಡೂ ಮುಚ್ಚಿಕೊಂಡಿದ್ದರು. ನಾನು ಅರ್ಧ ತೋಳಿನ ಟೀ ಶರ್ಟಿನಲ್ಲಿದ್ದೆ.

ಕಾಕೋಸಾ ಹೇಳುವ ಪ್ರಕಾರ ಅವತ್ತು ನಾನು ಒಂದೇ ನಂಬರನ್ನು ಮೂರು ಸಾಲಿನಲ್ಲಿ ಬರೆದಿದ್ದೆ. ಹೆಲ್ಪರ್ ಹುಡುಗ ಅದನ್ನು ತೋರಿಸಿದ್ದಕ್ಕೆ ಅವನ ಮೇಲೆ ಕೂಗಾಡಿದೆನಂತೆ. ಅವರು ಹತ್ತಿರ ಬಂದು, "ನಿಮ್ಮ ಮಗಳು ಎಷ್ಟನೇ ಕ್ಲಾಸು?" ಅಂತ ಕೇಳಿದ್ದಾರೆ. ಬೆಳಿಗ್ಗೆ ಗಾಡಿಯಲ್ಲಿ ಬರುವಾಗ ನಾನೇ ಹೇಳಿದ್ದೆ, ಮೂರನೇ ಕ್ಲಾಸು ಅಂತ.

"ಮೂವತ್ತೆರಡು" ಅಂದೆನಂತೆ.

ಅದು ನಾನು ಬರೆಯುತ್ತಿದ್ದ ಸ್ಟ್ರಿಂಗಿನ ನಂಬರು.

ಅವರು ಎರಡನೇ ಪ್ರಶ್ನೆ ಕೇಳಲಿಲ್ಲ. ಟ್ಯಾಂಕರಿನ ನೆರಳಿಗೆ ಎಳೆದುಕೊಂಡು ಹೋಗಿ ಮಲಗಿಸಿದರು. ಬೂಟು, ಟೀ ಶರ್ಟು ಬಿಚ್ಚಿದರು. ಪೈಪಿನಲ್ಲಿ ನಿಂತ ನೀರು ಚಹಾ ಮಾಡುವಷ್ಟು ಬಿಸಿ ಇರುತ್ತದೆ, ಅದನ್ನೆಲ್ಲ ಮರಳಿಗೆ ಬಿಟ್ಟರು. ಒಂದು ಚೊಂಬು ನೀರು ಚೆಲ್ಲಿದರೂ ಬೈಯುವ ಮನುಷ್ಯ ಅವರು! ಆಮೇಲೆ ತಲೆಯ ಸಾಫಾ ಬಿಚ್ಚಿ, ನೀರಲ್ಲಿ ನೆನೆಸಿ, ನನ್ನ ಕುತ್ತಿಗೆಯಿಂದ ತೊಡೆಯವರೆಗೆ ಹೊದಿಸಿದರು. ಮಾರವಾಡದಲ್ಲಿ ಒಬ್ಬ ಹಿರಿಯ ನಾಲ್ಕು ಜನರ ಎದುರಿಗೆ ಸಾಫಾ ಬಿಚ್ಚುವುದು ಸಣ್ಣ ಮಾತಲ್ಲ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಹೆಲ್ಪರ್ ಹುಡುಗ ಇನ್ವರ್ಟರಿನ ರಟ್ಟಿನ ಡಬ್ಬ ಹರಿದು ಗಾಳಿ ಬೀಸಿದ. ಬಟ್ಟೆ ಒಣಗುತ್ತಿದ್ದ ಹಾಗೆ ಮತ್ತೆ ನೀರು.

ನನಗೆ ನೆನಪಿರುವುದು ಒಂದೇ: ಚಳಿ. 47 ಡಿಗ್ರಿಯಲ್ಲಿ ಹಲ್ಲು ಕಟಕಟ ಅನ್ನುವ ಚಳಿ. ಮರುಭೂಮಿಯ ಗಾಳಿ ಎಷ್ಟು ಒಣ ಅಂದರೆ ಒದ್ದೆ ಬಟ್ಟೆ ಎರಡೇ ನಿಮಿಷದಲ್ಲಿ ತಣ್ಣಗಾಗುತ್ತದೆ. ಮಡಕೆ ನೀರು ತಂಪಾಗುವುದೂ ಹೀಗೇ, ಇಲ್ಲಿನ ಕೂಲರ್ ಕೆಲಸ ಮಾಡುವುದೂ ಹೀಗೇ. ಮಂಗಳೂರಿನ ಸೆಕೆಗೆ ಅದೇ ಕೂಲರ್ ತಂದಿಟ್ಟರೆ ಇನ್ನಷ್ಟು ಅಂಟಂಟು, ಅಷ್ಟೇ. ಆದರೆ ಮೈ ಒಣಗಿದ್ದರೆ ಅದೇ ಗಾಳಿ ಶತ್ರು. 47 ಡಿಗ್ರಿಯ ಗಾಳಿಯನ್ನು ಒಣ ಮೈಗೆ ಬೀಸುವುದು ಒಲೆ ಊದಿದ ಹಾಗೆ. ಕಾಕೋಸಾ ಕಿವಿ ಮುಚ್ಚಿಕೊಳ್ಳುವುದು ಅದಕ್ಕೇ. ಆ ಗಾಳಿಗೆ ಇಲ್ಲಿ ಲೂ ಅನ್ನುತ್ತಾರೆ.

ಆಸ್ಪತ್ರೆ ಮುಟ್ಟಲು ಒಂದು ಗಂಟೆ ಹತ್ತಿರ ಬೇಕಾಯಿತು. ಡಾಕ್ಟರು ಡ್ರಿಪ್ ಹಾಕಿ, ಕಾಕೋಸಾ ಕಡೆ ತಿರುಗಿ, "ತಂಪು ಮಾಡಿ ಆಮೇಲೆ ತಂದಿರಿ, ಅದೇ ಉಳಿಸಿತು" ಅಂದರು. ಬುದ್ಧಿ ತಪ್ಪಿ ಮಾತಾಡಲು ಶುರು ಮಾಡಿದ ಅಂದರೆ ಮೈಯ ಬಿಸಿ 40 ಡಿಗ್ರಿ ದಾಟಿರಬಹುದು. ಆಗ ಒಂದೊಂದು ನಿಮಿಷವೂ ಲೆಕ್ಕ. 108ಕ್ಕೆ ಫೋನ್ ಮಾಡಬೇಕು, ಆದರೆ ಆಂಬುಲೆನ್ಸ್ ಬರುವ ತನಕ ಕೈಕಟ್ಟಿ ಕೂರಬಾರದು, ನೀರು ಸುರಿಯುತ್ತಿರಬೇಕು. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆಯೂ ಬೇಡ, ಇದು ಜ್ವರವಲ್ಲ, ಪ್ಯಾರಾಸಿಟಮಾಲ್ ಇದಕ್ಕೆ ಏನೂ ಮಾಡುವುದಿಲ್ಲ.

ಅವತ್ತು ಸಂಜೆ ನನ್ನನ್ನು ಕಾಡಿದ್ದು ಬೇರೆಯೇ. ನನಗೆ ಏನೂ ಅನ್ನಿಸಿಯೇ ಇರಲಿಲ್ಲ. ಸುಸ್ತಾಗಿದೆ, ಕೂರೋಣ ಅಂತ ಒಮ್ಮೆಯೂ ಅನ್ನಿಸಲಿಲ್ಲ. ಹುಡುಗನದೇ ತಪ್ಪು ಅನ್ನಿಸಿತ್ತು. ಬಿಸಿಲು ಕೆಡಿಸುವುದು ತಲೆಯನ್ನು, ಕೆಟ್ಟಿದೆ ಅಂತ ಹೇಳಬೇಕಾದ್ದೂ ಅದೇ ತಲೆ. ಇನ್ನು ಯಾರು ಹೇಳಬೇಕು? ಪಕ್ಕದವನೇ ಹೇಳಬೇಕು ಅಲ್ವಾ?

ಆಗ ನಮ್ಮ ಗುತ್ತಿಗೆ ಕಂಪನಿಯಲ್ಲಿ ಹೊಸಬ, ಹಳಬ ಅಂತ ಭೇದವಿರಲಿಲ್ಲ. ಬಂದ ದಿನವೇ ಪೂರ್ತಿ ಶಿಫ್ಟು. ಸಂಬಳದ ಕಾಗದಕ್ಕೆ ಹತ್ತು ಸಹಿ ಬೇಕು, ಬಿಸಿಲಿಗೆ ನೂಕಲು ಒಂದೂ ಬೇಡ. ಮೈ ಹೊಸ ಬಿಸಿಲಿಗೆ ಪಳಗಲು ಒಂದರಿಂದ ಎರಡು ವಾರ ಬೇಕು. ಮೊದಲ ದಿನ ಪೂರ್ತಿ ಕೆಲಸದ ಐದನೇ ಒಂದು ಭಾಗ, ಆಮೇಲೆ ದಿನಾ ಅಷ್ಟಷ್ಟೇ ಏರಿಸಬೇಕು. ಇನ್ನೊಂದು, ಪಳಗಿದ ಮೈ ಹಾಗೇ ಉಳಿಯುವುದಿಲ್ಲ. ಹೋದ ವರ್ಷ ಹೆಂಡತಿಯ ತವರು ಸಾಗರದಲ್ಲಿ ಎರಡು ವಾರ ಹಲಸಿನ ಹಣ್ಣು ತಿಂದು ವಾಪಸ್ ಬಂದಾಗ ನಾನು ಮತ್ತೆ ಹೊಸಬನೇ ಆಗಿದ್ದೆ.

ಈಗ ನಾವು ಬೇಸಿಗೆಯಲ್ಲಿ ಬೆಳಿಗ್ಗೆ ಐದೂವರೆಗೆ ಶುರು ಮಾಡಿ ಹನ್ನೊಂದಕ್ಕೆ ಬಯಲಿನ ಕೆಲಸ ಬಿಡುತ್ತೇವೆ. ಇಪ್ಪತ್ತು ನಿಮಿಷಕ್ಕೊಂದು ಲೋಟ ನೀರು, ಬಾಯಾರಿಕೆ ಆಗಲಿ ಬಿಡಲಿ. ಬರೀ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೂ ಕಷ್ಟ, ರಕ್ತದಲ್ಲಿ ಉಪ್ಪು ಇಳಿದು ತಲೆನೋವು, ವಾಂತಿ ಶುರುವಾಗುತ್ತದೆ. ಹುಡುಗರು ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿದು ಶರಬತ್ತಿನ ಹಾಗೆ ಕುಡಿಯುತ್ತಿದ್ದರು, ಅದನ್ನು ಬಿಡಿಸಲು ಒಂದು ತಿಂಗಳು ಹಿಡಿಯಿತು. ಕಾಕೋಸಾ ಅದೇನೂ ಮುಟ್ಟುವುದಿಲ್ಲ. ಅವರದು ರಾಬ್, ಸಜ್ಜೆ ಹಿಟ್ಟನ್ನು ಮಜ್ಜಿಗೆಯಲ್ಲಿ ಕುದಿಸಿ ಆರಿಸಿ ಉಪ್ಪು ಹಾಕಿದ್ದು. ಮೊದಲ ಗುಟುಕಿಗೇ ಗೊತ್ತಾಯಿತು, ಇದು ನಮ್ಮ ಅವ್ವ ಮಾಡುವ ಅಂಬಲಿ! ಜೇಬಿನಲ್ಲಿ ಒಂದು ಉಳ್ಳಾಗಡ್ಡಿಯನ್ನೂ ಇಟ್ಟುಕೊಳ್ಳುತ್ತಾರೆ, ಲೂ ತಾಗುವುದಿಲ್ಲವಂತೆ. ಜೇಬಿನಲ್ಲಿಟ್ಟುಕೊಂಡರೆ ಏನೂ ಉಪಯೋಗವಿಲ್ಲ ಅಂತ ನಾನು ವಾದ ಮಾಡಲು ಹೋಗುವುದಿಲ್ಲ. ಮಧ್ಯಾಹ್ನ ಅದನ್ನೇ ರೊಟ್ಟಿ ಜೊತೆ ಗುದ್ದಿ ತಿನ್ನುತ್ತೇವೆ.

ಮೇ 25ರ ಹೊತ್ತಿಗೆ ಸೂರ್ಯ ರೋಹಿಣಿ ನಕ್ಷತ್ರಕ್ಕೆ ಬರುತ್ತಾನೆ. ಊರಲ್ಲಿ ಅದು ರೋಹಿಣಿ ಮಳೆ, "ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ" ಅನ್ನುವ ಕಾಲ. ಇಲ್ಲಿ ಅದರ ಮೊದಲ ಒಂಬತ್ತು ದಿನಕ್ಕೆ ನೌತಪಾ ಅನ್ನುತ್ತಾರೆ, ಬೆಂಕಿಯ ಒಂಬತ್ತು ದಿನ. ಅದೇ ರೋಹಿಣಿ ನೋಡಿ! ನೌತಪಾ ಚೆನ್ನಾಗಿ ಕಾಯ್ದರೆ ಮುಂದೆ ಮಳೆ ಚೆನ್ನಾಗಿ ಆಗುತ್ತದೆ ಅನ್ನುವುದು ಇಲ್ಲಿನವರ ನಂಬಿಕೆ. ಹಾಗಾಗಿ 48 ಆದ ದಿನ ಕಾಕೋಸಾ ಖುಷಿಯಲ್ಲಿರುತ್ತಾರೆ.

ಈ ನೌತಪಾಕ್ಕೆ ಸರಿಯಾಗಿ ಪಾವಗಡದಿಂದ ಒಬ್ಬ ಹುಡುಗ ಬಂದಿದ್ದಾನೆ. ಕನ್ನಡ ಮಾತಾಡಲು ಜನ ಸಿಕ್ಕರು ಅಂತ ಇಬ್ಬರಿಗೂ ಖುಷಿ. ಮೊದಲ ದಿನವೇ, "ಸಾರ್, ಬಿಸಿಲು ನನಗೇನೂ ಹೊಸದಲ್ಲ" ಅಂದ. ಒಂದೂವರೆ ಗಂಟೆ ಬಯಲಲ್ಲಿ ನಿಲ್ಲಿಸಿ, ಉಳಿದ ಹೊತ್ತು ಸ್ಟೋರಿನಲ್ಲಿ ಫ್ಯೂಸ್ ಎಣಿಸಲು ಕೂರಿಸಿದೆ. ಮುಖ ಊದಿಸಿಕೊಂಡಿದ್ದಾನೆ. ಅವನಿಗೆ ಒಬ್ಬ ತಂಗಿ ಇದ್ದಾಳೆ, ತುಮಕೂರಿನಲ್ಲಿ ಪಿಯುಸಿ ಓದುತ್ತಿದ್ದಾಳೆ, ಹೆಸರೂ ಕೇಳಿಟ್ಟುಕೊಂಡಿದ್ದೇನೆ. ಅರ್ಧ ಗಂಟೆಗೊಮ್ಮೆ ಯಾಕೆ ಅದನ್ನೇ ಕೇಳುತ್ತೀರಿ ಸಾರ್ ಅಂತ ಅವನಿಗೆ ಅನುಮಾನ.