ಹುರುಳಿ ತೋಡಿದ ಒರತೆ

ಬೆಳಗ್ಗೆ ಐದೂವರೆಗೆ ಹುರುಳಿ ಬಂದು ಮಂಚದ ಅಂಚಿಗೆ ಗದ್ದ ಇಟ್ಟು ನಿಲ್ಲುತ್ತದೆ. ಬೊಗಳುವುದಿಲ್ಲ, ಕುಂಯ್ ಅನ್ನುವುದೂ ಇಲ್ಲ. ಸುಮ್ನೆ ಉಸಿರು ಬಿಡುತ್ತದೆ. ಆ ಬಿಸಿ ಉಸಿರು ಮುಖಕ್ಕೆ ತಾಗಿದ ಮೇಲೆ ಏಳದೆ ವಿಧಿಯಿಲ್ಲ. ಜೂನ್ ತಿಂಗಳಲ್ಲಿ ಅಲ್ಬುಕರ್ಕಿಯಲ್ಲಿ ನಾಯಿ ಜೊತೆ ಓಡಾಡಬೇಕೆಂದರೆ ಇದೇ ಹೊತ್ತು. ಒಂಬತ್ತು ದಾಟಿದ ಮೇಲೆ ಹೊರಟರೆ ಅದು ವಾಕಿಂಗ್ ಅಲ್ಲ, ಶಿಕ್ಷೆ.

ನಾಯಿ ನನ್ನದಲ್ಲ. ಮಗ ಹೈಸ್ಕೂಲಿನಲ್ಲಿದ್ದಾಗ ಹಟ ಹಿಡಿದು ಶೆಲ್ಟರಿನಿಂದ ತಂದ. "ಎಲ್ಲಾ ನಾನೇ ನೋಡ್ಕೋತೀನಿ" ಅಂದ. ಎರಡು ವರ್ಷಕ್ಕೆ ಕಾಲೇಜಿಗೆ ಹೊರಟುಹೋದ. ನಾಯಿ ನನ್ನ ಪಾಲಿಗೆ ಉಳಿಯಿತು. (ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದೇ ಕಥೆ ಅಂತ ಗೊತ್ತು.) ಮೈಬಣ್ಣ ಥೇಟ್ ಹುರುಳಿಕಾಳಿನದು, ಅದಕ್ಕೇ ಆ ಹೆಸರು. ಹಿರಿಯೂರಿನಲ್ಲಿರುವ ಅಮ್ಮ "ಹೆಸರಲ್ಲಾದ್ರೂ ಹುರುಳಿದೆಯಲ್ಲ, ಬಿಡು" ಅಂದಳು. ನಾನು ನಾಯಿ ಕಕ್ಕಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಎತ್ತಿ ಗಂಟು ಹಾಕುವುದನ್ನು ಒಮ್ಮೆ ವಿಡಿಯೋ ಕಾಲ್‌ನಲ್ಲಿ ನೋಡಿಬಿಟ್ಟಳು. "ಅಲ್ಲ ಕಣೇ, ಇದಕ್ಕೇನೇ ಅಮೆರಿಕಕ್ಕೆ ಹೋಗಿದ್ದು?" ಉತ್ತರ ಹೊಳೆಯಲಿಲ್ಲ. ಇನ್ನೂ ಹೊಳೆದಿಲ್ಲ.

ಅಲ್ಬುಕರ್ಕಿ ನ್ಯೂ ಮೆಕ್ಸಿಕೋ ರಾಜ್ಯದ ದೊಡ್ಡ ಊರು. ಸಮುದ್ರಮಟ್ಟದಿಂದ ಸುಮಾರು 5,000 ಅಡಿ ಮೇಲಿದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 9 ಇಂಚು. ಬರಗಾಲದ ತವರು ನಮ್ಮದೇ ಅಂತ ಹಿರಿಯೂರು ಕಡೆಯವರಿಗೆ ಒಂದು ಜಂಬ ಇರುತ್ತದೆ. ಇಲ್ಲಿಗೆ ಬಂದು ಲೆಕ್ಕ ನೋಡಿದರೆ ನಮ್ಮೂರಿಗೆ ಇದರ ಎರಡರಷ್ಟಾದರೂ ಮಳೆ ಬೀಳುತ್ತದೆ. ಊರಿನ ಪೂರ್ವಕ್ಕೆ ಸಾಂಡಿಯಾ ಬೆಟ್ಟ. ಪಡುವಣಕ್ಕೆ ಸತ್ತ ಜ್ವಾಲಾಮುಖಿಗಳ ಸಾಲು. ನಡುವೆ ರಿಯೊ ಗ್ರಾಂಡೆ ನದಿ. ಪಡುವಣದ ದಿಬ್ಬದ ಮೇಲೆ ನಿಂತು ನೋಡಿದರೆ ಕಣ್ಣಿಗೆ ಕಾಣುವಷ್ಟೂ ಒಣಗಿದ ನೆಲ. ನದಿ ಗುಂಟ ಮಾತ್ರ ಒಂದು ಹಸಿರು ಪಟ್ಟಿ. ಒಣಗಿದ ಹೊಲದಲ್ಲಿ ಯಾರೋ ಒಂದೇ ಒಂದು ಸಾಲಿಗೆ ನೀರು ಹಾಯಿಸಿದ ಹಾಗೆ. ಆ ಪಟ್ಟಿಗೆ ಇಲ್ಲಿಯವರು ಬೋಸ್ಕೆ ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಕಾಡು ಅಂತ ಅರ್ಥ.

ಮೊದಲ ಬೇಸಿಗೆಯಲ್ಲಿ ನಾನೊಂದು ಪೆದ್ದು ಕೆಲಸ ಮಾಡಿದೆ. ಮ್ಯಾಪಿನಲ್ಲಿ 'ಪಾಸೆಯೋ ದೆಲ್ ಬೋಸ್ಕೆ' ಅಂತ 16 ಮೈಲಿಯ ದಾರಿ ಕಂಡಿತು. ಕಾಡಿನ ದಾರಿ ಅಂದ ಮೇಲೆ ನೆರಳು ಇದ್ದೇ ಇರುತ್ತದೆ, ಅಲ್ವಾ? ಹನ್ನೊಂದು ಗಂಟೆಗೆ ಹೊರಟೆ. ನೋಡಿದರೆ ಅದು ಟಾರು ದಾರಿ. ಕಾಡಿನ ಅಂಚಿಗೆ, ಕಾಲುವೆ ಪಕ್ಕಕ್ಕೆ ಹೋಗುತ್ತದೆ. ಸೈಕಲ್‌ನವರಿಗೆ ಸ್ವರ್ಗ. ನೆರಳು ಆಗೊಮ್ಮೆ ಈಗೊಮ್ಮೆ. ಇಲ್ಲಿಯ ಬಿಸಿಲಿನ ಮೋಸ ಏನೆಂದರೆ ಬೆವರು ಕಾಣುವುದೇ ಇಲ್ಲ, ಬಂದ ಕೂಡಲೇ ಆರಿಹೋಗುತ್ತದೆ. ಹಿರಿಯೂರಿನ ಬಿಸಿಲಲ್ಲಿ ಬೆಳೆದವಳು, ನನಗೆ ಇದ್ಯಾವ ಲೆಕ್ಕ ಅಂದುಕೊಂಡೆ. ಶೂ ಹಾಕಿದ್ದವಳು ನಾನು. ಹುರುಳಿ ಬರಿಗಾಲು.

ಅರ್ಧ ಮೈಲಿ ಹೋಗುವಷ್ಟರಲ್ಲಿ ಅದು ಕಾಲುಗಳನ್ನು ಒಂದೊಂದೇ ಎತ್ತಿ ಎತ್ತಿ ಇಡತೊಡಗಿತು, ಕೊಂಡ ಹಾಯುವವರ ಹಾಗೆ. ಸೋಮಾರಿ, ನಾಟಕ ಮಾಡುತ್ತಿದೆ ಅಂತ ಹಗ್ಗ ಎಳೆದೆ. ಈಗ ನೆನೆಸಿಕೊಂಡರೂ ಕೈ ಬೆಚ್ಚಗಾಗುತ್ತದೆ. ಸೈಕಲ್ ಮೇಲೆ ಬರುತ್ತಿದ್ದ ಒಬ್ಬ ಅಜ್ಜ ನಿಲ್ಲಿಸಿದರು. ಬೈಯಲಿಲ್ಲ. ಬಗ್ಗಿ ತಮ್ಮ ಕೈಯ ಹಿಂಬದಿಯನ್ನು ಟಾರಿನ ಮೇಲಿಟ್ಟರು. "ನೀವೂ ಇಡಿ, ಏಳರವರೆಗೆ ಎಣಿಸಿ" ಅಂದರು. ನಾನು ನಾಲ್ಕಕ್ಕೇ ಕೈ ತೆಗೆದೆ. ಆಮೇಲೆ ಅವರು ಮರಗಳ ನಡುವಿನ ಒಂದು ಸಂದಿಯನ್ನು ತೋರಿಸಿ, ನಾಯಿ ದಾರಿ ಅದು ಅಂದರು. 24 ಕೆಜಿ ಹುರುಳಿಯನ್ನು ಎತ್ತಿಕೊಂಡು ಆ ಸಂದಿಯಲ್ಲಿ ನುಗ್ಗಿದೆ. ಒಳಗೆ ಮಣ್ಣಿನ ಕಾಲುದಾರಿ. ತಂಪು ಮರಳು. ಹುರುಳಿ ಅಲ್ಲೇ ಹೊಟ್ಟೆ ಊರಿ ಮಲಗಿತು. ಎರಡು ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು. ಹದಿನೈದು ದಿನ ಮನೆ ಹಿಡಿಯಿತು.

ಅವತ್ತಿನಿಂದ ನಮ್ಮದು ಒಳದಾರಿ. ಹೆಚ್ಚಾಗಿ ಹೋಗುವುದು ಮೊಂಟಾನ್ಯೋ ಸೇತುವೆಯ ಪಡುವಣ ಬದಿಗೆ. ಅಲ್ಲಿ 2003ರಲ್ಲಿ ದೊಡ್ಡ ಬೆಂಕಿ ಬಿದ್ದು ಮರಗಳು ಸುಟ್ಟಿದ್ದವು. ಸುಟ್ಟ ಬೊಡ್ಡೆಗಳಲ್ಲಿ ಅಗ್ನಿಶಾಮಕ ದಳದವರೊಬ್ಬರು ಮರ ಕೊಯ್ಯುವ ಮೆಷಿನ್ನಿನಿಂದಲೇ ಪ್ರಾಣಿ, ಪಕ್ಷಿ ಕೆತ್ತಿದ್ದಾರೆ. ಹುರುಳಿ ಮೊದಲ ಸಲ ಅವನ್ನು ನೋಡಿ ಗುರ್ ಅಂದಿತ್ತು. ಈಗ ಮೂಸಿಯೂ ನೋಡುವುದಿಲ್ಲ.

ಕಷ್ಟ ಇರುವುದು ಕಾರು ನಿಲ್ಲಿಸಿದ ಜಾಗದಿಂದ ಮರದ ನೆರಳು ಸೇರುವವರೆಗಿನ ಐವತ್ತು ಹೆಜ್ಜೆಯಲ್ಲಿ. ಅಲ್ಲಿ ನೆಗ್ಗಿಲು ಮುಳ್ಳು. ಹೌದು, ನಮ್ಮ ನೆಗ್ಗಿಲೇ. ನೆಲಕ್ಕೆ ಅಂಟಿಕೊಂಡು ಹಬ್ಬುವ ಬಳ್ಳಿ, ಹುಣಿಸೆ ಎಲೆಯಂಥ ಪುಟ್ಟ ಎಲೆ, ಹಳದಿ ಹೂವು. ಇದು ಈ ದೇಶದ ಗಿಡ ಅಲ್ಲ, ನಮ್ಮ ಕಡೆಯ ಭೂಖಂಡಗಳಿಂದ ಬಂದದ್ದು. ನನ್ನ ಹಾಗೇ ಬಂದು ಬೇರು ಬಿಟ್ಟಿದೆ, ನನಗಿಂತ ಜೋರಾಗಿ. ಒಣಗಿದ ಕಾಯಿ ಐದು ಹೋಳಾಗುತ್ತದೆ. ಒಂದೊಂದು ಹೋಳಿಗೂ ಎರಡು ಉದ್ದ ಮುಳ್ಳು, ಕೊಂಬಿರುವ ಮೇಕೆ ತಲೆಯ ಹಾಗೆ. ಇಲ್ಲಿಯವರು ಕರೆಯುವುದೂ ಮೇಕೆ ತಲೆ ಅಂತಲೇ. ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖ. ಸೈಕಲ್ ಟೈರಿಗೇ ಚುಚ್ಚುತ್ತದೆ ಅಂದ ಮೇಲೆ ನಾಯಿಯ ಅಂಗಾಲು ಯಾವ ಲೆಕ್ಕ.

ಚುಚ್ಚಿದ ಕೂಡಲೇ ಹುರುಳಿ ಮೂರು ಕಾಲಲ್ಲಿ ನಿಂತು ನಾಲ್ಕನೆಯದನ್ನು ನನಗೆ ಒಪ್ಪಿಸುತ್ತದೆ. ಬೆರಳ ಸಂದಿಯ ಕೂದಲು ಬಿಡಿಸಿ, ಮುಳ್ಳನ್ನು ಅಲ್ಲಾಡಿಸದೆ, ಹೊಕ್ಕ ದಿಕ್ಕಿನಲ್ಲೇ ನೇರ ಎಳೆಯಬೇಕು. ಅಡ್ಡ ಎಳೆದರೆ ತುದಿ ಮುರಿದು ಒಳಗೇ ಉಳಿಯುತ್ತದೆ. ಚಿಕ್ಕವಳಿದ್ದಾಗ ಹೊಲದ ಬದುವಿನ ಮೇಲೆ ಅಜ್ಜಿ ನನ್ನ ಕಾಲನ್ನು ತೊಡೆ ಮೇಲಿಟ್ಟುಕೊಂಡು ಹೀಗೇ ತೆಗೆಯುತ್ತಿದ್ದಳು, ತೆಗೆದ ಜಾಗಕ್ಕೆ ಉಗುಳು ಹಚ್ಚುತ್ತಿದ್ದಳು. ನಾನು ಉಗುಳು ಹಚ್ಚುವುದಿಲ್ಲ. ಆ ಕೆಲಸ ಹುರುಳಿ ತಾನೇ ಮಾಡಿಕೊಳ್ಳುತ್ತದೆ. ಅಮ್ಮನಿಗೆ ಹೇಳಿದರೆ "ಅಲ್ಲೂ ನೆಗ್ಗಿಲಾ? ಒಂದಿಷ್ಟು ಒಣಗಿಸಿ ಇಟ್ಕೋ, ಉರಿಮೂತ್ರಕ್ಕೆ ಒಳ್ಳೇದು" ಅಂದಳು.

ನೆರಳಿನೊಳಗೆ ಹೋದರೆ ನೆಗ್ಗಿಲು ಇರುವುದಿಲ್ಲ. ಅದಕ್ಕೆ ಬಿಸಿಲು ಬೇಕು. ಅಲ್ಲಿಂದಾಚೆ ಕಾಟನ್‌ವುಡ್ ಮರಗಳ ರಾಜ್ಯ. ಇಬ್ಬರು ಕೈ ಚಾಚಿದರೂ ತಬ್ಬಲಾಗದ ಬೊಡ್ಡೆಗಳು, ನೇಗಿಲು ಹೊಡೆದ ಹಾಗೆ ಸೀಳು ಬಿಟ್ಟ ತೊಗಟೆ. ಎಲೆ ನೋಡಿದರೆ ಅರಳಿಯ ನೆನಪಾಗುತ್ತದೆ. ಅರಳಿ ಎಲೆಯ ಹಾಗೇ ಗಾಳಿ ಇಲ್ಲದಿದ್ದರೂ ಅಲುಗುತ್ತದೆ. ತೊಟ್ಟು ಚಪ್ಪಟೆ, ಅದಕ್ಕೇ ಆ ನಡುಕ. ಕಣ್ಣು ಮುಚ್ಚಿ ನಿಂತರೆ ಸೋನೆ ಮಳೆ ಹಿಡಿದ ಸದ್ದು. ಜೂನ್ ಹೊತ್ತಿಗೆ ಬೀಜದ ಹತ್ತಿ ಹಾರುತ್ತದೆ, ಎಕ್ಕದ ಕಾಯಿ ಒಡೆದಾಗ ಹಾರುತ್ತದಲ್ಲ, ಅಂಥದ್ದೇ. ದಾರಿಯ ಮೇಲೆಲ್ಲ ಬೆಳ್ಳಗೆ ಹಾಸಿರುತ್ತದೆ. ಹುರುಳಿ ಮೂಗಿಗೆ ಹತ್ತಿ ಮೆತ್ತಿಕೊಂಡು ಹತ್ತು ಹೆಜ್ಜೆಗೊಂದು ಸೀನು.

ಒಮ್ಮೊಮ್ಮೆ ಮರದ ಮೇಲೆ ಮುಳ್ಳುಹಂದಿ ಕೂತಿರುತ್ತದೆ. ನಮ್ಮ ಮುಳ್ಳುಹಂದಿ ಬಿಲದಲ್ಲಿರುವ ಪ್ರಾಣಿ. ಇಲ್ಲಿಯದು ಮರ ಹತ್ತುತ್ತದೆ. ಹಕ್ಕಿಗೂಡು ಅಂದುಕೊಂಡು ನೋಡುತ್ತಿದ್ದೆ, ಗೂಡು ಮೈ ಕೆರೆದುಕೊಂಡಿತು. ಆ ದಿನದಿಂದ ಹಗ್ಗ ಇನ್ನೂ ಗಿಡ್ಡ ಮಾಡಿದೆ. ಇಲ್ಲಿ ಹಗ್ಗ ಕಡ್ಡಾಯ ಅನ್ನುವುದು ಬೇರೆ ಮಾತು. ಮೂತಿಗೆ ಮುಳ್ಳು ಚುಚ್ಚಿಸಿಕೊಂಡ ನಾಯಿಯ ಫೋಟೋ ಒಮ್ಮೆ ನೋಡಿದರೆ ಸಾಕು, ಯಾವ ಕಾನೂನೂ ಬೇಡ. ಪೊದೆಯಿಂದ ಪೊದೆಗೆ ಓಡುವ ರೋಡ್‌ರನ್ನರ್ ಮಾತ್ರ ಹುರುಳಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಅದು ಈ ರಾಜ್ಯದ ಪಕ್ಷಿ, ಕೋಗಿಲೆ ಕುಲದ್ದು. ನಮ್ಮ ಕೆಂಬೂತದ ದಾಯಾದಿ. ನಡಿಗೆಯ ಗತ್ತು ನೋಡಿದರೆ ಅನುಮಾನವೇ ಬೇಡ.

ಈ ಕಾಡಿನಲ್ಲಿ ಇನ್ನೊಂದು ವಿಚಿತ್ರ ಇದೆ. ಮರಗಳ ನಡುವೆ ಕಬ್ಬಿಣದ ಆ್ಯಂಗಲ್‌ಗಳನ್ನು ನಕ್ಷತ್ರದ ಹಾಗೆ ಅಡ್ಡಡ್ಡ ಜೋಡಿಸಿ, ತಂತಿ ಹಗ್ಗದಿಂದ ಒಂದಕ್ಕೊಂದು ಬಿಗಿದ ಸಾಲುಗಳು. ಮೊದಲ ಸಲ ನೋಡಿದಾಗ ಯಾವುದೋ ಯುದ್ಧದ ಬೇಲಿ ಅಂದುಕೊಂಡೆ. ಜೆಟ್ಟಿ ಜ್ಯಾಕ್ ಅನ್ನುತ್ತಾರೆ. 1950ರ ದಶಕದಲ್ಲಿ ನದಿಯನ್ನು ಒಂದೇ ಪಾತ್ರದಲ್ಲಿ ಹಿಡಿದಿಡಲು ಹಾಕಿದ್ದು. ನೆರೆ ಬಂದಾಗ ಕಸಕಡ್ಡಿ, ಮರಳು ಇದಕ್ಕೆ ಸಿಕ್ಕಿ ದಡ ಕಟ್ಟಿಕೊಳ್ಳಲಿ ಅಂತ. ದಡ ಕಟ್ಟಿತು, ಕಾಡೂ ಬೆಳೆಯಿತು. ಕೆಲಸ ಮುಗಿದರೂ ಕಬ್ಬಿಣ ಹಾಗೇ ಉಳಿದಿದೆ. ಹುರುಳಿ ತಂತಿಯ ಕೆಳಗೆ ತೂರಿ, ಆ್ಯಂಗಲ್ ಸುತ್ತು ಹಾಕಿ, ಹಗ್ಗ ಸಿಕ್ಕಿಸಿಕೊಂಡು ನನ್ನ ಮುಖ ನೋಡುತ್ತದೆ. ಪ್ರತಿ ಸಲವೂ. ನಾನು ಬಗ್ಗಿ ಬಿಡಿಸುತ್ತೇನೆ. ಪ್ರತಿ ಸಲವೂ.

ಹಾಗೆ ಬಿಡಿಸುತ್ತಾ ಕೂತಾಗ ಒಂದು ದಿನ ಗಮನಕ್ಕೆ ಬಂತು. ಸುತ್ತ ಇರುವವೆಲ್ಲ ಮುದಿ ಮರಗಳೇ. ಎಳೆಯ ಕಾಟನ್‌ವುಡ್ ಒಂದೂ ಇಲ್ಲ. ಇಷ್ಟು ಹತ್ತಿ ಹಾರುತ್ತದೆ, ಸಸಿ ಎಲ್ಲಿ? ಆಮೇಲೆ ಓದಿ ತಿಳಿದುಕೊಂಡೆ. ಆ ಬೀಜಕ್ಕೆ ಆಯುಸ್ಸು ಬಹಳ ಕಡಿಮೆ. ಹಾರಿ ಬಿದ್ದ ಸ್ವಲ್ಪ ದಿನದಲ್ಲೇ ಅದಕ್ಕೆ ಹಸಿ ಮರಳು ಸಿಗಬೇಕು, ಮೇಲೆ ಬಿಸಿಲು ಇರಬೇಕು. ಬೆಟ್ಟದ ಹಿಮ ಕರಗಿ ನೆರೆ ಬಂದು ಇಳಿದ ಜಾಗದಲ್ಲೇ ಅಂಥ ಮರಳು ಸಿಗುವುದು. 1941ರಲ್ಲಿ ಇಲ್ಲಿ ದೊಡ್ಡ ನೆರೆ ಬಂದಿತ್ತು. ಈಗ ನಾವು ನಿಲ್ಲುವ ನೆರಳಿನಲ್ಲಿ ಬಹಳಷ್ಟು ಆ ಕಾಲದ್ದು. 1970ರ ದಶಕದಲ್ಲಿ ಊರಿನ ಮೇಲ್ಗಡೆ ಕೊಚಿಟಿ ಅಣೆಕಟ್ಟು ಬಂತು. ಊರಿಗೆ ನೆರೆಯ ಭಯ ಹೋಯಿತು. ಸಸಿ ಏಳುವುದೂ ನಿಂತಿತು. ಈಗ ಆಳವಾಗಿ ಗುಂಡಿ ಕೊರೆದು, ತೇವ ಮುಟ್ಟುವವರೆಗೆ ಕಾಟನ್‌ವುಡ್ ಗಳಗಳನ್ನು ಇಳಿಸಿ ನೆಡುತ್ತಾರೆ. ಹಲ್ಲಿನಿಂದ ಮರ ಕಡಿದು ಬೀಳಿಸುವ ಬೀವರ್ ಅನ್ನುವ ಪ್ರಾಣಿ ಕಡಿಯದಿರಲಿ ಅಂತ ಬುಡಕ್ಕೆ ಜಾಲರಿ. ಹುರುಳಿ ಒಂದನ್ನೂ ಬಿಡದೆ ಕಾಲೆತ್ತುತ್ತದೆ. ನಾನು ತಡೆಯುವುದಿಲ್ಲ.

ಅಣೆಕಟ್ಟಿನ ಕೆಳಗಿನ ಊರು ನನಗೆ ಹೊಸದಲ್ಲ. ನಮ್ಮ ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟೆ ಹಾಕಿ ಮುಗಿಸಿದ್ದು 1907ರಲ್ಲಿ. ನಾನು ಕಂಡ ವೇದಾವತಿ ಅಂದರೆ ಮರಳು, ಮರಳಿನಲ್ಲಿ ಜಾಲಿ. ಬೇಸಿಗೆಯಲ್ಲಿ ಅಜ್ಜಿ ಬಿಂದಿಗೆ ಹಿಡಿದು ಹೊಳೆಗೆ ಹೋಗುತ್ತಿದ್ದಳು. ತೆಂಗಿನ ಕರಟದಿಂದ ಮರಳು ತೋಡುತ್ತಾ ಹೋದರೆ ಮೊಳದ ಆಳಕ್ಕೆ ಮರಳು ಕಪ್ಪಾಗುತ್ತಿತ್ತು. ಇನ್ನಷ್ಟು ತೋಡಿದರೆ ನೀರು ಜಿನುಗುತ್ತಿತ್ತು. ಮೊದಲ ನೀರು ಬಗ್ಗಡ, ಅದನ್ನು ಮೊಗೆದು ಚೆಲ್ಲಬೇಕು. ಎರಡನೆಯದೂ ಚೆಲ್ಲಬೇಕು. ಆಮೇಲೆ ಕಾದು ಕೂತರೆ ತಿಳಿಯಾದ ಒರತೆ.

2022ರ ಜುಲೈ ಕೊನೆಗೆ ರಿಯೊ ಗ್ರಾಂಡೆ ಅಲ್ಬುಕರ್ಕಿಯಲ್ಲೇ ಬತ್ತಿತು. ಸುಮಾರು 40 ವರ್ಷದಲ್ಲಿ ಮೊದಲ ಸಲವಂತೆ. ಜನ ಬಂದು ದಡದಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದರು, ಸಾವಿನ ಮನೆಗೆ ಬಂದವರ ಹಾಗೆ. ನಾನು ಹುರುಳಿ ಜೊತೆ ಪಾತ್ರಕ್ಕೆ ಇಳಿದೆ. ಮರಳು ಬಿರುಕು ಬಿಟ್ಟು ಹಪ್ಪಳದಂತೆ ಎದ್ದಿತ್ತು. ನಡೆದರೆ ಪಟಪಟ ಮುರಿಯುತ್ತಿತ್ತು. ನನಗೆ ಹೆದರಿಕೆ ಆಗಲಿಲ್ಲ. ಹೊಳೆ ಅಂದರೆ ಹೀಗೇ ಅಲ್ವಾ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೇ ಆಮೇಲೆ ಬೇಜಾರಾಯಿತು.

ಹುರುಳಿ ಒಂದು ಕಡೆ ನಿಂತಿತು. ಮೂಗು ನೆಲಕ್ಕೆ ಹಚ್ಚಿತು. ಆಮೇಲೆ ತೋಡಲು ಶುರು ಮಾಡಿತು. ಎರಡೂ ಮುಂಗಾಲಲ್ಲಿ ಪರಪರ, ಮರಳೆಲ್ಲ ನನ್ನ ಶೂ ಮೇಲೆ. ಎದೆಯವರೆಗೆ ಗುಂಡಿಯೊಳಗೆ ಹೋಯಿತು. ಮರಳು ಕಪ್ಪಾಯಿತು. ಅದು ತೋಡುವುದು ನಿಲ್ಲಿಸಿ ಕಾದು ನಿಂತಿತು. ಯಾರು ಹೇಳಿಕೊಟ್ಟರೋ. ಗುಂಡಿಯ ತಳದಲ್ಲಿ ಅಂಗೈ ಅಗಲದ ನೀರು ನಿಧಾನಕ್ಕೆ ಕೂಡಿಕೊಂಡಿತು. ನಾನು ಮಂಡಿಯೂರಿ ಬೊಗಸೆಯಲ್ಲಿ ಮೊದಲ ನೀರು ಮೊಗೆದು ಚೆಲ್ಲಿದೆ. ಹುರುಳಿ ಅವಮಾನವಾದಂತೆ ನೋಡಿತು. ಎರಡನೆಯದಕ್ಕೆ ಕಾಯಲಿಲ್ಲ, ಮೂತಿ ಹಾಕಿಯೇ ಬಿಟ್ಟಿತು. ಚೀಲದಲ್ಲಿ ಎರಡು ಬಾಟಲಿ ತಣ್ಣನೆ ನೀರು ಇತ್ತು. ಅತ್ತ ತಿರುಗಿಯೂ ನೋಡಲಿಲ್ಲ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಕೋಡಿ ಬಿತ್ತು. 1933ರ ನಂತರ ಮೊದಲ ಸಲ, 89 ವರ್ಷಕ್ಕೆ. ನಮ್ಮಜ್ಜ ಹತ್ತು ವರ್ಷದ ಹುಡುಗನಾಗಿದ್ದಾಗ ನೋಡಿದ್ದನ್ನು ಸಾಯುವವರೆಗೆ ಹೇಳುತ್ತಿದ್ದ. ಅಮ್ಮ ಆಟೋ ಮಾಡಿಕೊಂಡು ಹೋಗಿ ಅಲ್ಲಿಂದಲೇ ಕಾಲ್ ಮಾಡಿದಳು. ಅವಳಿಗೆ ಬೆಳಗ್ಗೆ, ನನಗೆ ರಾತ್ರಿ ಊಟದ ಹೊತ್ತು. ಪರದೆ ತುಂಬಾ ಜನರ ತಲೆ, ಛತ್ರಿ, ಸಂದಿಯಲ್ಲಿ ಬೆಳ್ಳಗೆ ಬೀಳುತ್ತಿರುವ ನೀರು. "ಕೇಳಿಸ್ತಾ?" ಅಂತ ಫೋನನ್ನು ನೀರಿನ ಕಡೆ ಹಿಡಿದಳು. ಹುರುಳಿ ಎದ್ದು ಬಂದು ಕಿವಿ ನಿಮಿರಿಸಿ, ಫೋನಿನ ಹಿಂದೆ ಏನಿದೆ ಅಂತ ಸುತ್ತು ಹಾಕಿ ನೋಡಿತು.

"ನಿಮ್ಮ ಹೊಳೆಗೆ ನೀರು ಬಂತೇನೇ?" ಅಂತ ಕೇಳಿದಳು ಅಮ್ಮ.

"ಮಳೆ ಆಯ್ತಲ್ಲ, ಮೊಣಕಾಲುದ್ದ ಇದೆ."

"ನಾಯಿಗೆ ಸಾಕು ಬಿಡು" ಅಂದು ಫೋನನ್ನು ಮತ್ತೆ ಕೋಡಿಯ ಕಡೆ ತಿರುಗಿಸಿದಳು.