ಮೊದಲು ಚಿಪ್, ಆಮೇಲೆ ಲಸಿಕೆ

ಜರ್ಮನಿಯ ಕೆಲಸದ ಪತ್ರ ನಮ್ಮ ಯಜಮಾನರ ಕೈಸೇರಿದ ವಾರವೇ ನಾನು ನಮ್ಮ ಬೆಕ್ಕು ಚಿನ್ನಿಯನ್ನೂ ಕರೆದೊಯ್ಯಲೆಂದು ಅದರ ಲಸಿಕೆ ಪುಸ್ತಕ ಹಿಡಿದು ತುಮಕೂರಿನ ಅಶೋಕನಗರದ ಬಳಿ ಪಶುವೈದ್ಯರೊಬ್ಬರನ್ನು ಕಂಡೆ. ನಾಲ್ಕು ವರ್ಷ ತಪ್ಪದೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ್ದೆನಾದ್ದರಿಂದ ಒಂದು ಸಹಿ, ಒಂದು ಮೊಹರು ಬಿದ್ದರೆ ಸಾಕೆಂದುಕೊಂಡಿದ್ದೆ. ವೈದ್ಯರು ಪುಟಗಳನ್ನು ತಿರುವಿ, "ಮೈಕ್ರೋಚಿಪ್ ನಂಬರ್ ಎಲ್ಲಿ ಮೇಡಂ?" ಎಂದರು.

ಚಿಪ್ಪನ್ನೇ ಹಾಕಿಸಿರಲಿಲ್ಲ. ಐರೋಪ್ಯ ಒಕ್ಕೂಟದ ನಿಯಮದಂತೆ ಚಿಪ್ ಹಾಕುವುದಕ್ಕೆ ಮುಂಚಿನ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಲಸಿಕೆ ಬಿದ್ದದ್ದು ಇದೇ ಬೆಕ್ಕಿಗೆ ಎಂದು ಹೇಳುವುದು ಚರ್ಮದಡಿಯ ಚಿಪ್ಪಿನಲ್ಲಿರುವ 15 ಅಂಕಿಗಳೇ. ಅಂದೇ ಹೆಗಲುಗಳ ನಡುವೆ ಅಕ್ಕಿಕಾಳಿನಷ್ಟು ಚಿಪ್ ಸೇರಿಸಿ, ಸ್ಕ್ಯಾನರ್‌ನಿಂದ ಓದಿ, ಅದರ ನಂತರವೇ ಹೊಸದಾಗಿ ಲಸಿಕೆ ಹಾಕಿದರು. ನಾಲ್ಕು ವರ್ಷದ ಪುಸ್ತಕವನ್ನು ನಾನು ಚೀಲದ ತಳಕ್ಕೆ ಸೇರಿಸಿದೆ.

ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಯಬೇಕು, ಅದನ್ನು ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯ ಪರೀಕ್ಷಿಸಬೇಕು, ಪ್ರತಿಕಾಯದ (ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ, ರೋಗ ತಡೆಯುವ ಅಂಶ) ಪ್ರಮಾಣ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್‌ಗಿಂತ ಕಡಿಮೆ ಇರಬಾರದು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ವರದಿ ಬಂದ ದಿನದಿಂದಲ್ಲ ಎಂಬುದೊಂದೇ ಸಮಾಧಾನ. ಕೆಲವು ದೇಶಗಳಿಂದ ಹೋಗುವ ಬೆಕ್ಕುಗಳಿಗೆ ಈ ಪರೀಕ್ಷೆಯೇ ಬೇಡ. ಆ ಪಟ್ಟಿಯಲ್ಲಿ ಭಾರತವಿಲ್ಲ. ಯಜಮಾನರು ಮುಂದೆ ಹೊರಟರು. ನಾನೂ ಚಿನ್ನಿಯೂ ಅಮ್ಮನ ಮನೆಯಲ್ಲಿ ನಾಲ್ಕು ತಿಂಗಳಿಗೂ ಹೆಚ್ಚು ಉಳಿದೆವು.

ಹಾಲಿನ ಲೆಕ್ಕ ಬರೆಯುವ ಅಡುಗೆಮನೆಯ ಕ್ಯಾಲೆಂಡರ್‌ನಲ್ಲೇ ಅಮ್ಮ ಈ ದಿನಾಂಕಗಳನ್ನೂ ಗುರುತು ಹಾಕಿಕೊಂಡರು. "ನಿನ್ನ ಮದುವೆ ಮುಹೂರ್ತಕ್ಕೂ ಇಷ್ಟು ಲೆಕ್ಕ ಹಾಕಿರಲಿಲ್ಲ ಕಣೇ" ಎಂಬುದು ಅವರ ದೂರು. ರಕ್ತ ತೆಗೆದ ದಿನ ಮಾತ್ರ ಅವರು ಮಾತಾಡಲಿಲ್ಲ. ಟವೆಲಿನಲ್ಲಿ ಸುತ್ತಿದ ಚಿನ್ನಿಯ ಕತ್ತಿನ ಕೂದಲನ್ನು ಬೋಳಿಸಿ ಸೂಜಿ ಚುಚ್ಚುವಾಗ ನನ್ನ ಕೈ ಸಡಿಲಾಯಿತು. ಬೆಕ್ಕೆಂದರೆ ಅಷ್ಟಕ್ಕಷ್ಟೇ ಎನ್ನುತ್ತಿದ್ದ ಅಮ್ಮನೇ ಮುಂದೆ ಬಂದು ತಲೆಯನ್ನು ಗಟ್ಟಿಯಾಗಿ ಹಿಡಿದರು. ವಾರಗಳ ನಂತರ ಬಂದ ವರದಿಯಲ್ಲಿ ಪ್ರಮಾಣ ಬೇಕಾದುದಕ್ಕಿಂತ ಎಷ್ಟೋ ಹೆಚ್ಚಿತ್ತು.

ಕೊನೆಯ ಆರೋಗ್ಯ ಪ್ರಮಾಣಪತ್ರಕ್ಕೆ ಸರ್ಕಾರಿ ಪಶುವೈದ್ಯಾಧಿಕಾರಿಯ ಸಹಿ ಬೇಕು. ಸಹಿಯಾದ 10 ದಿನಗಳೊಳಗೆ ಜರ್ಮನಿ ತಲುಪಬೇಕು. ಹೀಗಾಗಿ ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳುವಂತಿಲ್ಲ. ಹೊರಡುವ ಮೂರು ದಿನ ಮುಂಚೆ, ನೆಲಮಂಗಲದವರೆಗೂ ಅಳುತ್ತಲೇ ಬಂದ ಚಿನ್ನಿಯೊಡನೆ ಬೆಂಗಳೂರಿನ ಪ್ರಾಣಿ ಕ್ವಾರಂಟೈನ್ ಕಚೇರಿಗೆ ಹೋದೆ. ಅಧಿಕಾರಿ ಚಿಪ್ಪನ್ನು ಓದಿ, ಲಸಿಕೆ ಕಾರ್ಡ್, ಪ್ರಯೋಗಾಲಯದ ವರದಿ, ಅರ್ಜಿ ಮೂರರಲ್ಲೂ ಅಂಕಿಗಳನ್ನು ಒಂದೊಂದಾಗಿ ಹೋಲಿಸಿದರು. ನಮ್ಮ ಅರ್ಜಿಯಲ್ಲಿ ಎರಡು ಅಂಕಿಗಳು ಅದಲುಬದಲಾಗಿದ್ದವು. ಬರೆದವಳು ನಾನೇ. ಹೊಸ ಅರ್ಜಿ ತುಂಬಿ ಸಹಿ ಪಡೆಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಫ್ರಾಂಕ್‌ಫರ್ಟ್‌ನಲ್ಲಿ ಕಾಗದಗಳನ್ನು ನೋಡಿ, ಸ್ಕ್ಯಾನರ್ ಆಡಿಸಿ ಕಳುಹಿಸಲು ಅಲ್ಲಿನ ಅಧಿಕಾರಿಗಳಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಅಷ್ಟೇನಾ?" ಎಂದು ಕೇಳಿದ ಅವರ ದನಿಯಲ್ಲಿ ನನಗಿಂತಲೂ ಹೆಚ್ಚಿನ ನಿರಾಸೆಯಿತ್ತು.